ಮೇಷ್ಟ್ರು ಒಪ್ಪಿಕೊಂಡ ಸ್ಪೆಲಿಂಗ್

ಷಣ್ಮುಖಪ್ಪ ಮೇಷ್ಟ್ರೇ,

೧೯೮೭ರಲ್ಲಿ, ಪ್ರಾರ್ಥನೆಗೆ ನಿಂತ ಇಡೀ ಶಾಲೆಯೆದುರು ನೀವು ನನ್ನನ್ನು ಅಧಿಕಪ್ರಸಂಗಿ ಎಂದಿರಿ. ಕಾಗದ-ಪೆನ್ನಿಗೆ ಹೇಳುವ ಸ್ಟೇಷನರಿಯೂ ನಿಂತಲ್ಲೇ ನಿಂತದ್ದಕ್ಕೆ ಹೇಳುವ ಸ್ಟೇಷನರಿಯೂ ಇಂಗ್ಲಿಷಿನಲ್ಲಿ ಬೇರೆ ಬೇರೆ, ಒಂದಕ್ಕೆ 'ಇ', ಇನ್ನೊಂದಕ್ಕೆ 'ಎ', ಹಿಂದಿನ ದಿನ ತರಗತಿಯಲ್ಲಿ ನೀವು ಬೋರ್ಡಿನಲ್ಲಿ ಬರೆದ ಸ್ಪೆಲಿಂಗ್ ತಪ್ಪು ಎಂದದ್ದಷ್ಟೇ ನನ್ನ ಅಪರಾಧ. ನ್ಯಾಮತಿಯಲ್ಲಿ ಆ ಹೆಸರು ಇನ್ನೂ ನನ್ನ ಬೆನ್ನು ಬಿಟ್ಟಿಲ್ಲ.

ನಿನ್ನೆ ಸವಳಂಗದ ಬಸ್ಸಿನಲ್ಲಿ ನಿಮ್ಮ ಮಗಳು ಮೇಘಶ್ರೀ ಸಿಕ್ಕಿದ್ದಳು. "ಆ ಎರಡು ಪದ ಕಲ್ಸಾಕೆ ನಿಂತ್ರೆ ಸಾಕು, ಅಪ್ಪಾಜಿ ನಿಮ್ ಹೆಸ್ರು ಹೇಳೋರು ರೀ. ಅವತ್ತು ಪ್ರಸನ್ನ ಹೇಳಿದ್ದೇ ಸರಿ, ನಂದೇ ತಪ್ಪು ಅಂತ. ನಿಮಗೇ ಹೇಳಿಲ್ಲೇನ್ರೀ?" ಎಂದಳು.

ಪ್ರತಿ ವರ್ಷ ಹೊಸ ಮಕ್ಕಳಿಗೆ ಹೇಳಿದಿರಿ. ಸಂತೆಯಲ್ಲಿ ಎದುರಾದ ನನಗೆ ಬರೀ ತಲೆಯಾಡಿಸಿದಿರಿ. ಹೋದ ವರ್ಷ ನಿಮ್ಮ ಮಣ್ಣಿಗೂ ನಾನು ಬರಲಿಲ್ಲ.

ಯಾಕೆ ಮೇಷ್ಟ್ರೇ? ಬೈದದ್ದು ಎಲ್ಲರೆದುರು, ಉತ್ತರವನ್ನೂ ಎಲ್ಲರೆದುರೇ ಕೊಡಿ.