ಫ್ರಿಜ್ಜಿನ ಹಿಂದಿನ ಲಡಿಗಳು

೧೨ ಆಗಸ್ಟ್ ೨೦೨೫, ಮಂಗಳವಾರ, ಇಳಕಲ್

ಸಾಕಾಗಿದೆ ಈ ಫ್ರಿಜ್ಜಿನ ಸಹವಾಸ. ಸೊಸೆ ಚೇತನಾ ಹುನಗುಂದಕ್ಕೆ ಕೆಲಸಕ್ಕೆ ಹೋಗುವ ಮುಂಚೆ ಕೂಸಿಗೆಂದು ಹಿಂಡಿಟ್ಟ ಎದೆಹಾಲು ಇವತ್ತೂ ಕೆಟ್ಟಿತು. ಮೂರು ದಿನದಿಂದ ಅವಳನ್ನೇ ಬೈಯುತ್ತಿದ್ದೆ: "ಬಾಗಲಾ ನೆಟ್ಟಗ ಹಾಕಂಗಿಲ್ಲ ನೀ."

ಸಂಜೆ ರಿಪೇರಿಯ ಮಹಾಂತೇಶ ಬಂದು ಫ್ರಿಜ್ಜನ್ನು ಗೋಡೆಯಿಂದ ಈಚೆಗೆ ಎಳೆದ. ಹಿಂದಿನ ಬಿಸಿ ಜಾಲರಿಯ ತುಂಬ ಕೆಂಪು ನೂಲಿನ ಲಡಿಗಳು.

"ಯಾರ್ರಿ ಇವನ್ನ ಇಲ್ಲಿ ಒಣಾಕ ಹಾಕಿದವ್ರು? ಕಾವು ಹೊರಗ ಹೋಗದಿದ್ರ ಒಳಗ ಹೆಂಗ ತಂಪ ಆಗತೈತ್ರಿ?"

ಹಾಕಿದವಳು ನಾನು. ಜಿಟಿಜಿಟಿ ಮಳೆಗೆ, ಸೀರೆ ನೇಯಲೆಂದು ಬಣ್ಣ ಹಾಕಿದ ನೂಲು ಒಣಗುತ್ತಿರಲಿಲ್ಲ. ಅಲ್ಲಿ ಬೆಚ್ಚಗಿತ್ತು, ತುರುಕಿದೆ. ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡಿದ್ದೆ ಕೂಡ.

ಚೇತನಾ ನನ್ನ ಮುಖ ನೋಡಿದಳು. "ನಾನ ಹಾಕೇನ್ರಿ ಅಣ್ಣಾರ" ಅಂದಳು. ಅವನು ಅವಳಿಗೆ ಬುದ್ಧಿ ಹೇಳಿದ. ನಾನು ಪಕ್ಕದಲ್ಲೇ ನಿಂತು ಕೇಳಿದೆ.

ಈಗ ಫ್ರಿಜ್ ತಂಪಾಗಿದೆ. ಮಲಗುವ ಮುಂಚೆ ಅವಳು ಹಾಲಿನ ಬಾಟಲಿ ಇಟ್ಟು ಬಾಗಿಲು ಹಾಕಿದಳು. ಸರಿಯಾಗಿಯೇ ಬಿದ್ದಿತ್ತು. ಆದರೂ ನನ್ನನ್ನು ಕಂಡು, ಇನ್ನೊಮ್ಮೆ ಒತ್ತಿ ಹೋದಳು.

ಕರೆಯಬೇಕೆಂದುಕೊಂಡೆ. ಕರೆಯದೆ ಇಲ್ಲಿ ಇದನ್ನು ಬರೆಯುತ್ತ ಕೂತಿದ್ದೇನೆ.