ದಾಯ್ ಅಂದರೆ ಏನು?

ಶುಕ್ರವಾರ, ಜೂನ್ ೧೪

ಮಹಡಿ ಕೋಣೆಗೆ ಬಾಡಿಗೆಗೆ ಬಂದಿರುವ ಬಡಗಿಯ ಮೇಲೆ ನನಗೇಕೋ ನಂಬಿಕೆಯಿಲ್ಲ. ಇವತ್ತೂ ಫೋನಿನಲ್ಲಿ "ದಾಯ್, ದಾಯ್" ಎಂದು ಕೂಗುತ್ತಿದ್ದ.

ರಷ್ಯನ್ ಕಲಿಯುತ್ತಿರುವ ನನ್ನ ತಮ್ಮ ಕಿವಿ ನಿಮಿರಿಸಿದ. "ಅಣ್ಣಾ, ಅದು ರಷ್ಯನ್. ಅರ್ಧ ಭೂಪಟದಲ್ಲಿ ಆಡೋ ಭಾಷೆ. ದಾಯ್ ಅಂದ್ರೆ ಕೊಡು. ಯಾರನ್ನೋ ಪೀಡಿಸ್ತಿದಾನೆ."

ಮೆಟ್ಟಿಲಲ್ಲಿ ಬಡಗಿಯನ್ನೇ ತಡೆದು ಕೇಳಿದೆ. ನಕ್ಕುಬಿಟ್ಟ. "ನೇಪಾಳಿ ಸಾರ್. ದಾಯ್ ಅಂದ್ರೆ ಅಣ್ಣ. ನೇಪಾಳ, ಸಿಕ್ಕಿಂ, ಡಾರ್ಜಿಲಿಂಗಲ್ಲಿ ಆಡ್ತಾರೆ. ಈಗ ನಿಮ್ಮ ಮಹಡಿ ಮೇಲೂ."

ನಾಚಿಕೆಯಾಯಿತು. ಆದರೂ ಅನುಮಾನ ಹೋಗಲಿಲ್ಲ, ಮಹಡಿಯಿಂದ ಕೆಳಗಿಳಿಯಿತು ಅಷ್ಟೆ. ನಮ್ಮ ಮನೆಯಲ್ಲಿ 'ಕೊಡು', 'ಅಣ್ಣ' ಎರಡಕ್ಕೂ ಒಂದೇ ಅರ್ಥ. ಏನಾದರೂ ಬೇಕಾಗದೆ ತಮ್ಮ ನನ್ನನ್ನು ಅಣ್ಣಾ ಎಂದವನೇ ಅಲ್ಲ. ಇವತ್ತು ರಾತ್ರಿ ಊಟಕ್ಕೆ ಕೂತಾಗಲೂ ಒಂದೇ ಸಮನೆ ಅಣ್ಣಾ, ಅಣ್ಣಾ.

ಬೈಕಿನ ಕೀ ದಿಂಬಿನ ಕೆಳಗಿಟ್ಟುಕೊಂಡಿದ್ದೇನೆ.