ಅಡ್ಜಸ್ಟ್ ಮಾಡ್ಕೊ ಅನ್ನಬೇಡ

ಶುಕ್ರವಾರ, ಊಟದ ಬಿಡುವು
ಅಂಗಡಿಯ ಹಿಂದಿನ ಕೋಣೆ

ಅಮ್ಮಾ,

ಇಲ್ಲಿ ಎಲ್ಲರೂ ಕ್ಷೇಮ, ನನ್ನೊಬ್ಬಳನ್ನು ಬಿಟ್ಟು. ಫೋನ್ ಇರುವಾಗ ಇವಳಿಗೇಕೆ ಕಾಗದ ಬರೆಯುವ ಹುಚ್ಚು ಅಂದುಕೊಳ್ಳಬೇಡ. ಫೋನಿನಲ್ಲಿ ನಾನು ಬಾಯಿ ತೆರೆಯುವಷ್ಟರಲ್ಲಿ ನೀನು ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊ’ ಅಂದುಬಿಡುತ್ತೀಯ, ನಾನೂ ಹೂಂ ಅಂದುಬಿಡುತ್ತೇನೆ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ.

ನಮ್ಮ ಅಂಗಡಿಯ ಯಜಮಾನರು ಆಸ್ಪತ್ರೆಯ ಎದುರು ಇನ್ನೊಂದು ಕನ್ನಡಕದ ಅಂಗಡಿ ತೆರೆಯುತ್ತಿರುವುದು, ಅದನ್ನು ನಾನೇ ನೋಡಿಕೊಳ್ಳಬೇಕು ಎಂದಿರುವುದು ನಿನಗೆ ಗೊತ್ತು. ಅಲ್ಲಿಗೆ ಬರುವವರಲ್ಲಿ ಇಂಗ್ಲಿಷ್ ಮಾತಾಡುವವರೇ ಜಾಸ್ತಿ, ಅದಕ್ಕೇ ಸಂಜೆಯ ಕ್ಲಾಸಿಗೆ ಸೇರಿದ್ದು. ಆ ಸುದ್ದಿ ಕೇಳಿ ನೀನು ಆಡಿದ ಮೊದಲ ಮಾತು, ರಾತ್ರಿ ಅಡಿಗೆ ಯಾರು ಮಾಡ್ತಾರೆ ಅಂತ. ಅವತ್ತೇ ನನಗೆ ಹೊಟ್ಟೆ ಉರಿದಿತ್ತು, ಹೇಳಲಿಲ್ಲ.

ಈ ವಾರ ಕ್ಲಾಸಿನ ಮೇಡಂ ‘ಅಡ್ಜಸ್ಟ್’ ಎಂಬ ಮಾತನ್ನು ಕೊಟ್ಟು, ಇದನ್ನು ಬಳಸಿ ವಾಕ್ಯಗಳನ್ನು ಬರೆದು ತನ್ನಿ ಎಂದರು. ಕ್ಲಾಸಿನ ಹೆಂಗಸರೆಲ್ಲ ಗೊಳ್ಳೆಂದು ನಕ್ಕೆವು. ಎಬಿಸಿಡಿ ಬಾರದ ನಮ್ಮಜ್ಜಿಗೂ ಬರುತ್ತಿದ್ದ ಇಂಗ್ಲಿಷ್ ಅದು. ಮೊದಲ ವಾಕ್ಯ ನನ್ನ ಕೆಲಸದ್ದೇ ಬರೆದೆ. ಕನ್ನಡಕ ಕಿವಿಯ ಹಿಂದೆ ಕಚ್ಚುತ್ತದೆ ಎಂದು ಯಾರಾದರೂ ಬಂದರೆ, ಕೌಂಟರಿನವನು ಹಾಕ್ಕೊಂಡು ಹಾಕ್ಕೊಂಡು ಅಭ್ಯಾಸ ಆಗುತ್ತೆ ಎಂದು ಸಾಗಹಾಕುತ್ತಾನೆ. ನನಗೆ ಅದು ಆಗಿಬರುವುದಿಲ್ಲ. ಅವರನ್ನು ಕೂರಿಸಿ, ಕಡ್ಡಿಯನ್ನು ಬಿಸಿಗಾಳಿಗೆ ಹಿಡಿದು, ಮೆತ್ತಗಾದ ಮೇಲೆ ಅವರ ಕಿವಿಗೆ ತಕ್ಕಂತೆ ಬಗ್ಗಿಸಿ ಕೊಡುತ್ತೇನೆ. ಕಿವಿಯನ್ನು ಬಗ್ಗಿಸಿ ಅನ್ನುವುದಕ್ಕಾಗುತ್ತದೆಯೇ ಹೇಳು.

ಆಮೇಲೆ ಮನೆಯ ವಾಕ್ಯಗಳು. ಅತ್ತೆಗೆ ಫ್ಯಾನ್ ಗಾಳಿ ಆಗುವುದಿಲ್ಲ, ಸೆಕೆಯಲ್ಲೇ ಅಡ್ಜಸ್ಟ್ ಮಾಡಿಕೊಂಡೆ. ಮೈದುನನಿಗೆ ಓದಲು ಕೋಣೆ ಬೇಕಾಯಿತು, ನಡುಮನೆಯಲ್ಲಿ ಹಾಸಿಗೆ ಹಾಸಿಕೊಂಡು ಅಡ್ಜಸ್ಟ್ ಮಾಡಿಕೊಂಡೆ. ಮೈದುನ ಕೋರ್ಸ್ ಬಿಟ್ಟು ವರ್ಷವಾಯಿತು, ಕೋಣೆ ಮಾತ್ರ ಬಿಟ್ಟಿಲ್ಲ. ಅದಕ್ಕೂ ಅಡ್ಜಸ್ಟ್ ಮಾಡಿಕೊಂಡೆ. ಪೆನ್ನು ನಿಲ್ಲಲೇ ಇಲ್ಲಮ್ಮ, ಪುಟ ತುಂಬಿಹೋಯಿತು. ಮೇಡಂ ಓದಿ ನೋಡಿ, ಇಂಗ್ಲಿಷೇನೋ ಸರಿಯಾಗಿದೆ, ಮನೆಯಲ್ಲಿ ನೀವೊಬ್ಬರೇ ಇರೋದಾ ಎಂದು ಕೇಳಿದರು. ನಾಳೆ ನಿಮ್ಮ ಗಂಡನ ಮೇಲೊಂದು ಬರೆದುಕೊಂಡು ಬನ್ನಿ ಎಂದರು.

ಎಷ್ಟು ತಲೆ ಕೆರೆದುಕೊಂಡರೂ ಹೊಳೆಯಲಿಲ್ಲ. ನಿನ್ನೆ ರಾತ್ರಿ ಊಟಕ್ಕೆ ಕೂತಾಗ ನಿನ್ನ ಅಳಿಯನನ್ನೇ ಕೇಳಿದೆ, ನೀವು ಯಾವುದಕ್ಕಾದರೂ ಅಡ್ಜಸ್ಟ್ ಮಾಡಿಕೊಂಡಿದ್ದೀರಾ ಎಂದು. ಡ್ರೈವಿಂಗ್ ಕಲಿಸುವ ಮನುಷ್ಯ, ಕನ್ನಡಿ ದಿನಾ ಅಡ್ಜಸ್ಟ್ ಮಾಡ್ತೀನಲ್ಲ ಎಂದರು. ಅದಲ್ಲ, ಮನೆಯಲ್ಲಿ ಎಂದೆ. ಪಾಪ, ನಿಜವಾಗಿಯೂ ಯೋಚಿಸಿದರು. ತಟ್ಟೆ ಖಾಲಿಯಾಗುವವರೆಗೂ ಯೋಚಿಸಿ ಹೇಳಿದರು:

“ನಿನ್ನ ಕ್ಲಾಸಿಗೆ ಅಡ್ಜಸ್ಟ್ ಮಾಡ್ಕೊಂಡಿಲ್ವಾ? ಇನ್ನು ಆ ತಲೆನೋವು ಇಲ್ಲ ಬಿಡು. ಹೊಸ ಅಂಗಡಿ ಇವಳ ಕೈಲಿ ಆಗಲ್ಲ ಅಂತ ನಿಮ್ಮ ಯಜಮಾನರಿಗೆ ಫೋನ್ ಮಾಡಿ ಹೇಳಿದೀನಿ.”

ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ನನ್ನನ್ನು ಒಂದು ಮಾತು ಕೇಳಬಾರದಿತ್ತೇ ಎಂದರೆ, ಬೇಡ ಅನ್ನಲು ನಿನಗೆ ಸಂಕೋಚ ಅಂತ ನಾನೇ ಹೇಳಿದೆ ಎಂದರು. ಉಪಕಾರ ಮಾಡಿದವರ ಮುಖ ಅದು. ಕೆಟ್ಟ ಮನಸ್ಸಿನಿಂದ ಮಾಡಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಆದರೂ ಕೂಗಾಡಿದೆ ಅನ್ನು. ಅತ್ತೆ ಎದ್ದು ಬಂದು, ಅಕ್ಕಪಕ್ಕದವರು ಏನಂದುಕೊಂಡಾರು ಎಂದರು.

ಇವತ್ತು ಬೆಳಿಗ್ಗೆ ಅಂಗಡಿಗೆ ಬಂದವಳೇ ಯಜಮಾನರ ಮುಂದೆ ನಿಂತೆ. ಮನೆಯವರು ಬೇಡ ಅಂದ ಮೇಲೆ ನಾನೇನು ಮಾಡಲಮ್ಮ, ಕೌಂಟರಿನ ಹುಡುಗನಿಗೇ ವಹಿಸುತ್ತೇನೆ, ನೀನು ಇಲ್ಲೇ ಅಡ್ಜಸ್ಟ್ ಮಾಡಿಕೊ ಎಂದರು. ಅವರೂ ಅದನ್ನೇ ಅನ್ನಬೇಕೇ? ನನಗೆ ಎಲ್ಲಿತ್ತೋ ಧೈರ್ಯ, “ಕೆಲಸ ಮಾಡೋಳು ನಾನು ಸಾರ್, ನನ್ನನ್ನ ಕೇಳಿ” ಅಂದುಬಿಟ್ಟೆ. ಅವರು, ಮನೆಯಲ್ಲಿ ಮಾತಾಡಿಕೊಂಡು ಸಂಜೆಯೊಳಗೆ ಕೊನೆಯ ಮಾತು ಹೇಳು ಎಂದರು.

ಸಂಜೆ ಏನು ಹೇಳಲಿ ಎಂದು ನಿನ್ನನ್ನು ಕೇಳುತ್ತಿಲ್ಲ. ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ಹೊಸ ಅಂಗಡಿಗೆ ಹೂಂ ಅಂದು ಆಗಿರುತ್ತದೆ. ಮನೆಯಲ್ಲಿ ರಂಪವಾಗುತ್ತದೆ, ಗೊತ್ತು. ಅತ್ತೆ ನಿನಗೆ ಫೋನ್ ಮಾಡುತ್ತಾರೆ, ಅದೂ ಗೊತ್ತು. ಅವರ ಮಾತು ಕೇಳಿಕೊಂಡು ನನಗೆ ಬುದ್ಧಿ ಹೇಳಲು ಮಾತ್ರ ಹೊರಡಬೇಡ.

ನಿನ್ನ ಮಂಡಿನೋವು ಹೇಗಿದೆ? ಮಾತ್ರೆ ತಪ್ಪಿಸಬೇಡ. ಅಪ್ಪನಿಗೆ ಇದನ್ನು ಓದಿ ಹೇಳುವುದು ಬೇಡ, ಸುಮ್ಮನೆ ಬಿ.ಪಿ. ಏರಿಸಿಕೊಳ್ಳುತ್ತಾರೆ.

ನಿನ್ನ ಮೇಲೆ ಸಿಟ್ಟಿರುವ, ಆದರೂ ನಿನ್ನವಳೇ ಆದ
ಮೊಂಡಿ

ತಾ.ಕ.: ಇದನ್ನು ಮೊದಲ ಸಾಲಿನಲ್ಲೇ ಕೇಳಬೇಕೆಂದು ಕೂತವಳು, ಬರೆಯಲು ಕೈ ಬಂದದ್ದು ಈಗ. ಯಜಮಾನರಿಗೆ ಫೋನ್ ಮಾಡುವ ಮೊದಲು ಇವರು ನಿನಗೆ ಮಾಡಿದ್ದರಂತೆ. “ನಿಮ್ಮಮ್ಮನೇ ಅಂದ್ರು, ಅವಳು ಸಂಕೋಚದವಳು, ಬಾಯಿಬಿಟ್ಟು ಬೇಡ ಅನ್ನಲ್ಲ, ನೀವೇ ಹೇಳ್ಬಿಡಿ, ಅಡ್ಜಸ್ಟ್ ಮಾಡ್ಕೋತಾಳೆ ಅಂತ.” ಇದು ಅವರ ಬಾಯಿಂದ ಬಂದ ಮಾತು. ನೀನು ಹಾಗೆ ಅನ್ನಲಿಲ್ಲ ಎಂದು ಒಂದು ಸಾಲು ಬರೆದು ಹಾಕು. ಅಂದಿದ್ದರೆ ಅಂದೆ ಅಂತಲೇ ಬರೆ. ಬೇರೆ ಯಾರು ಅಂದಿದ್ದರೂ ಹೇಗೋ ನುಂಗಿಕೊಳ್ಳುತ್ತಿದ್ದೆ, ನೀನು ಅಂದಿದ್ದಕ್ಕೆ ನನ್ನ ಕೈಲಿ ಅಡ್ಜಸ್ಟ್ ಮಾಡಿಕೊಳ್ಳುವುದಕ್ಕೆ ಆಗುತ್ತಿಲ್ಲ ಅಮ್ಮ.